ಬಸುರಿಯ ಪಾದ ಒತ್ತುವ ಮುನ್ನ

ಕಳೆದ ಶ್ರಾವಣದಲ್ಲಿ ಏಳು ತಿಂಗಳ ಬಸುರಿಯಾಗಿದ್ದ ನನ್ನ ನಾದಿನಿ ಗಂಗಾವತಿಯ ನಮ್ಮ ಮನೆಗೆ ಬಂದಿದ್ದಾಗ, ರಾತ್ರಿ ಊಟವಾದ ಮೇಲೆ ಅವಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಔಡಲೆಣ್ಣೆ ಹಚ್ಚಿ ಒತ್ತುವುದು ನನ್ನ ನಿತ್ಯದ ಕೆಲಸವಾಗಿತ್ತು. ಒಂದು ರಾತ್ರಿ ಕಾಲಗಂಟಿನ ಬಳಿ ಊರಿದ್ದ ಹೆಬ್ಬೆರಳನ್ನು ತೆಗೆದಾಗ, ನಾದಿದ ಹಿಟ್ಟಿನಲ್ಲಿ ಬೆರಳಿಟ್ಟಂತೆ ಬಿದ್ದ ಕುಳಿ ಬಹಳ ಹೊತ್ತು ಹಾಗೆಯೇ ಉಳಿಯಿತು. ಮುಂಗೈಯ ಬಳೆಗಳೂ ಬಿಗಿದಿದ್ದವು. ಕೇಳಿದ ಮೇಲೆ, ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದಳು. ಪಾದದ ಬಿಂದುಗಳನ್ನು ಒತ್ತಿ ಚಿಕಿತ್ಸೆ ನೀಡುವ ಒಬ್ಬರು, ಇಂಥ ಬಾವು ಹತ್ತು ದಿನ ಒತ್ತಿಸಿಕೊಂಡರೆ ತಾನೇ ಇಳಿಯುತ್ತದೆ ಎಂದು ಹಿಂದಿನ ವಾರವಷ್ಟೇ ಹೇಳಿದ್ದರು, ನಾನು ನಂಬಿದ್ದೆ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದೊತ್ತಡ 150/100 ಇತ್ತು, ಅಲ್ಲಿಯೇ ದಾಖಲಿಸಿಕೊಂಡರು.

ಅಂದಿನಿಂದ ಪಾದದ ಬಿಂದುಗಳನ್ನು ಒತ್ತುವ, ರಿಫ್ಲೆಕ್ಸಾಲಜಿ ಎಂಬ ಈ ವಿದ್ಯೆಯನ್ನು ಶ್ರದ್ಧೆಯಿಂದ ಓದಿದ್ದೇನೆ. ಅಮೆರಿಕದ ಕಿವಿ, ಮೂಗು, ಗಂಟಲಿನ ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ ಅವರು 20ನೇ ಶತಮಾನದ ಆರಂಭದಲ್ಲಿ ದೇಹವನ್ನು ತಲೆಯಿಂದ ಕಾಲಿನವರೆಗೆ 10 ಉದ್ದನೆಯ ವಲಯಗಳಾಗಿ ವಿಂಗಡಿಸಿದರು. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಮ್ ಅವರು ಅದನ್ನು ಪಾದಕ್ಕೆ ತಂದು ಒಂದೊಂದು ಅಂಗಕ್ಕೂ ಒಂದೊಂದು ಸ್ಥಾನ ಗುರುತಿಸಿದರು. ಆ ನಕ್ಷೆಯಲ್ಲಿ ಗರ್ಭಕೋಶದ ಸ್ಥಾನ ಒಳ ಕಾಲಗಂಟಿಗೂ ಹಿಮ್ಮಡಿಗೂ ನಡುವೆ, ಅಂಡಾಶಯದ್ದು ಅದೇ ಎತ್ತರದಲ್ಲಿ ಹೊರಬದಿಗೆ. ಆದರೆ ಆ ಜಾಗದಿಂದ ಗರ್ಭಕೋಶಕ್ಕೆ ನೇರವಾಗಿ ಹೋಗುವ ನರವನ್ನಾಗಲಿ ನಾಳವನ್ನಾಗಲಿ ಅಂಗರಚನಾಶಾಸ್ತ್ರ ಕಂಡಿಲ್ಲ. ಹಾಗೆಂದು ಪಾದ ಒತ್ತುವುದು ವ್ಯರ್ಥವೆಂದು ನಾನು ಹೇಳಲಾರೆ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ಮೇಲೆ ದಿನವಿಡೀ ಕೆಸರಿನಲ್ಲಿ ಬಾಗಿ ಭತ್ತ ನಾಟಿ ಮಾಡಿ ಬರುವ ನಮ್ಮ ಭಾಗದ ಹೆಣ್ಣುಮಕ್ಕಳ ಒಡೆದ ಹಿಮ್ಮಡಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ ಯಾರಾದರೂ ಕಾಲು ಗಂಟೆ ಒತ್ತಿದರೆ, ಅವರ ಮುಖದ ಬಿಗುವು ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯವರೆಲ್ಲರ ಕಾಲು ಒತ್ತುವ ಹೆಂಗಸಿನ ಕಾಲನ್ನು ಒತ್ತುವವರೇ ಇಲ್ಲದಿರುವುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮುಟ್ಟಿನ ದಿನಗಳಲ್ಲಿ ಇದರಿಂದ ಅಪಾಯ ಕಡಿಮೆ, ನೆಮ್ಮದಿ ಹೆಚ್ಚು. 1993ರಲ್ಲಿ ಪ್ರಕಟವಾದ, 35 ಮಹಿಳೆಯರ ಮೇಲೆ ನಡೆಸಿದ ಒಂದು ಅಧ್ಯಯನದಲ್ಲಿ, ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 8 ವಾರ ಕಿವಿ, ಕೈ ಮತ್ತು ಪಾದಗಳ ಬಿಂದುಗಳನ್ನು ಒತ್ತಿಸಿಕೊಂಡವರಲ್ಲಿ ಮುಟ್ಟಿಗೆ ಮುಂಚಿನ ತೊಂದರೆಗಳು, ಬೇರೆ ಕಡೆ ಒತ್ತಿಸಿಕೊಂಡವರಿಗಿಂತ ಹೆಚ್ಚು ತಗ್ಗಿದವು. ಅದು ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಭರವಸೆ ಕಟ್ಟುವುದು ಸರಿಯಲ್ಲ. ಕಿಬ್ಬೊಟ್ಟೆಯ ನೋವಿಗೆ ಕಾರಣ ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗಿ ಅದನ್ನು ಹಿಂಡುವಂತೆ ಸಂಕುಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಅದಕ್ಕೆ ಬಿಸಿನೀರಿನ ಚೀಲದ ಶಾಖವೂ ವೈದ್ಯರು ಹೇಳಿದ ನೋವಿನ ಮಾತ್ರೆಯೂ ಕೆಲಸ ಮಾಡುತ್ತವೆ. ನನ್ನ ಮಗಳಿಗೆ ನಾನು ಕಿಬ್ಬೊಟ್ಟೆಗೆ ಶಾಖ ಕೊಟ್ಟುಕೊಂಡೇ ಪಾದ ಒತ್ತುತ್ತೇನೆ. ಆದರೆ ತಿಂಗಳಿಂದ ತಿಂಗಳಿಗೆ ನೋವು ಏರುತ್ತ ಹೋದರೆ, ಸ್ರಾವ 7 ದಿನ ಮೀರಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ ವೈದ್ಯರಲ್ಲಿಗೇ ಹೋಗಬೇಕು.

ಬಸಿರಿನಲ್ಲಿ ಮಾತ್ರ ಒತ್ತುವ ಕೈ ಹಗುರವಾಗಿರಬೇಕು, ಕಣ್ಣು ಎಚ್ಚರವಾಗಿರಬೇಕು. ಸಂಜೆ ಹೊತ್ತಿಗೆ ಪಾದ ತುಸು ಊದುವುದು ಸಹಜ, ಎಡಮಗ್ಗುಲಾಗಿ ಮಲಗಿ ಕಾಲಡಿಗೆ ದಿಂಬಿಟ್ಟರೆ ಎಷ್ಟೋ ಇಳಿಯುತ್ತದೆ. 20 ವಾರ ದಾಟಿದ ಮೇಲೆ ಮುಖ, ಕೈಗಳು ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಇಲ್ಲವೆ ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿಕೊಂಡರೆ ಪಾದ ಒತ್ತುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಇವು ರಕ್ತದೊತ್ತಡ ಏರಿರುವ ಸೂಚನೆಯಾಗಿರಬಹುದು, 140/90 ಮುಟ್ಟಿದ ರಕ್ತದೊತ್ತಡವನ್ನು ಯಾವ ಬಿಂದುವೂ ಇಳಿಸದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಲೇಬಾರದು. ಒಳ ಕಾಲಗಂಟಿನಿಂದ ನಾಲ್ಕು ಬೆರಳು ಮೇಲಿನ ಬಿಂದುವನ್ನು ಚೀನಾದ ಪರಂಪರೆಯಲ್ಲಿ ಹೆರಿಗೆ ನೋವು ಬರಿಸಲು ಬಳಸುತ್ತಾರೆ, ದಿನ ತುಂಬುವ ಮೊದಲು ಒತ್ತಬಾರದೆಂದೂ ಅವರೇ ಹೇಳುತ್ತಾರೆ. ಒತ್ತಿದರೆ ಗರ್ಭ ಇಳಿಯುತ್ತದೆ ಎಂಬುದು ಸಾಬೀತಾದ ಮಾತಲ್ಲ, ಆದರೂ ನಾನು ಅಲ್ಲಿ ಕೈಯಿಡುವುದಿಲ್ಲ.

ನಾದಿನಿಗೆ 37ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಕ್ಷೇಮ. ಹೆರಿಗೆಯ ನಂತರವೂ ಕೆಲವು ವಾರ ಒತ್ತಡ ಏರಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ, ಬಾಣಂತನದುದ್ದಕ್ಕೂ ದಿನಾ ಸಂಜೆ ಮೊದಲು ಅವಳ ತೋಳಿಗೆ ಪಟ್ಟಿ ಕಟ್ಟಿ ಅಂಕಿಯನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದು, ಆಮೇಲಷ್ಟೇ ಎಣ್ಣೆ ಬಿಸಿಗಿಡುತ್ತಿದ್ದೆ.