ಕ್ಯೂರಿಂಗ್ ವರ್ಕ್ಸ್ ಕಂಪ್ಯೂಟರ್‌ಗಳು: ಸೀಸನ್ ಶುರುವಾಗೋ ಮುಂಚೆ

ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಬೆಳೆಗಾರರ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳಲ್ಲಿ) ಸೈಬರ್ ಭದ್ರತೆಯ ಮಾತು ಬಂದರೆ ಕೇಳೋದು ಒಂದೇ: "ಆಂಟಿವೈರಸ್ ಹಾಕ್ಸಿದೀವಲ್ಲ?" ಹಾಕಿಸಿ, ಬೇಡ ಅನ್ನೋರ್ಯಾರು. ಆದರೆ ಜನವರಿಯಲ್ಲಿ ಗೇಟಿನ ಮುಂದೆ ಲಾರಿಗಳು ನಿಂತಿರುವಾಗ ಯಾವ ಕಂಪ್ಯೂಟರ್ ಕೈಕೊಟ್ಟರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು ಅನ್ನೋದು ಮೊದಲು ತೀರ್ಮಾನವಾಗಬೇಕು.

ಅದಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಯಾವ ದಾಖಲೆ, ಏನಾಗಬಹುದು, ಎಷ್ಟು ಗಂಟೆ ಇಲ್ಲದೆ ನಡೆಯುತ್ತೆ, ಎಷ್ಟು ದಿನದ್ದು ಕಳೆದರೆ ಮತ್ತೆ ಬರೆದುಕೊಳ್ಳಬಹುದು, ಹೊಣೆ ಯಾರದು. ಲಾರಿ ತೂಗುವ ವೇಬ್ರಿಡ್ಜ್‌ನ ಕಂಪ್ಯೂಟರ್ ನಿಂತರೆ ಕೈಚೀಟಿ ಬರೆದು ಒಂದು ದಿನ ದೂಡಬಹುದು. ಯಾವ ಬೆಳೆಗಾರರದ್ದು ಗೋದಾಮಿನಲ್ಲಿ ಎಷ್ಟು ಚೀಲ ಇದೆ, ಔಟ್‌ಟರ್ನ್ (ಕೊಟ್ಟ ಮಾಲಿನಿಂದ ಸಿಕ್ಕ ಶುದ್ಧ ಬೀಜದ ಪ್ರಮಾಣ) ಎಷ್ಟು ಬಂತು ಅನ್ನೋ ಲೆಕ್ಕ ಹೋದರೆ ಹಾಗೆ ದೂಡೋಕಾಗಲ್ಲ, ಮಾಲು ಇನ್ನೊಬ್ಬರದ್ದು. ಹೊಣೆಯ ಕಾಲಂನಲ್ಲಿ "ಐಟಿಯವರು" ಅಂತ ಬರೆದರೆ ಅದು ಖಾಲಿ ಬಿಟ್ಟ ಹಾಗೇ. ಕರೆದಾಗ ಬರುವ ಸರ್ವಿಸ್ ಹುಡುಗ ನಿಮ್ಮ ನಷ್ಟಕ್ಕೆ ಹೇಗೆ ಹೊಣೆಯಾಗ್ತಾನೆ? ಮ್ಯಾನೇಜರ್ ಹೆಸರೇ ಇರಲಿ.

ಹೆಚ್ಚು ಎಡವಟ್ಟಾಗೋದು ಬ್ಯಾಕಪ್‌ನಲ್ಲಿ. ಯುಎಸ್‌ಬಿ ಹಾರ್ಡ್‌ಡಿಸ್ಕ್ ವರ್ಷವಿಡೀ ಸಿಕ್ಕಿಸಿಯೇ ಇರುತ್ತೆ. ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೆ ಅದೂ ಇನ್ನೊಂದು ಡ್ರೈವ್ ಅಷ್ಟೇ, ಒಟ್ಟಿಗೇ ಲಾಕ್ ಮಾಡಿಬಿಡುತ್ತೆ. ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಿದರೆ ಲಾಕ್ ಆದ ಫೈಲೂ ನಿಷ್ಠೆಯಿಂದ ಮೇಲೇರುತ್ತೆ. ಹಳೇ ಆವೃತ್ತಿಗಳು ಸಾಮಾನ್ಯವಾಗಿ 30 ದಿನವಷ್ಟೇ ಉಳಿಯೋದು. ಹಾಗಾಗಿ ಎರಡು ಡಿಸ್ಕ್ ಇಟ್ಟುಕೊಳ್ಳಿ, ದಿನ ಬಿಟ್ಟು ದಿನ ಅದಲು ಬದಲು. ಕಾಪಿ ಮುಗಿದ ತಕ್ಷಣ ಕಿತ್ತು, ಒಂದು ಯಾವಾಗಲೂ ಕಟ್ಟಡದ ಹೊರಗೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದಿರುವಾಗ ಫೋಲ್ಡರ್ ಎಳೆದು ಕಾಪಿ ಮಾಡಬೇಡಿ, ಅದರದ್ದೇ ಬ್ಯಾಕಪ್ ಆಯ್ಕೆ ಬಳಸಿ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ಗೆ ರಿಸ್ಟೋರ್ ಮಾಡಿ, ಕೊನೇ ವೋಚರ್ ನಂಬರ್ ತಾಳೆ ನೋಡಿ, ಹಿಡಿದ ಹೊತ್ತನ್ನು ಆ ಹಾಳೆಯಲ್ಲೇ ಬರೆಯಿರಿ. ಹಾಳೆಯಲ್ಲಿ ನಾಲ್ಕು ಗಂಟೆ ಅಂತಿದ್ದು ರಿಸ್ಟೋರ್‌ಗೆ ಎರಡು ದಿನ ಹಿಡಿದರೆ, ಮೊದಲು ಸರಿಪಡಿಸಬೇಕಾದ್ದು ಅದೇ.

ಒಳಗೆ ಬರೋ ದಾರಿಗಳು ಹಳೇವೇ. ಮನೆಯಿಂದ ಲೆಕ್ಕ ನೋಡೋಕೆ ಅಂತ ರೌಟರ್‌ನಲ್ಲಿ ತೆರೆದ 3389 ಪೋರ್ಟ್ (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು), ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ಗೆ ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್, ಅಪ್‌ಡೇಟ್ ಕಾಣದ ವಿಂಡೋಸ್. 2017ರ ಮೇ ತಿಂಗಳಲ್ಲಿ ಇಂಥದೇ ಲಾಕ್ ಮಾಡುವ ವನ್ನಾಕ್ರೈ ಹಬ್ಬಿದಾಗ ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವೇಬ್ರಿಡ್ಜ್ ಸಾಫ್ಟ್‌ವೇರ್ ಹೊಸದರಲ್ಲಿ ಓಡಲ್ಲ ಅಂದರೆ ಆ ಕಂಪ್ಯೂಟರಿಗೆ ಇಂಟರ್ನೆಟ್ಟೂ ಬೇಡ, ಆಫೀಸಿನ ನೆಟ್‌ವರ್ಕೂ ಬೇಡ. ಹೀಗೇ ನಡೆಸ್ತೀವಿ ಅಂತ ಮಾಲೀಕರ ಸಹಿ ತಗೊಳ್ಳಿ.

"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅನ್ನೋ ಇಮೇಲ್ ಬಂದರೆ ಅದರಲ್ಲಿರೋ ನಂಬರಿಗಲ್ಲ, ಹಳೇ ಫೈಲಿನಲ್ಲಿರೋ ನಂಬರಿಗೆ ಫೋನ್ ಮಾಡಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಮೇಕರ್ (ಪಾವತಿ ನಮೂದಿಸುವವರು), ಚೆಕರ್ (ಅದನ್ನು ಒಪ್ಪುವವರು) ಬೇರೆ ಬೇರೆ ಇರಲಿ. ಇಬ್ಬರ ಲಾಗಿನ್ ಟೋಕನ್‌ಗಳೂ ಒಬ್ಬರ ಡ್ರಾಯರ್‌ನಲ್ಲಿದ್ದರೆ ಉಪಯೋಗವಿಲ್ಲ.

ದಾಳಿ ಆಗಿಹೋದರೆ ಲ್ಯಾನ್ ವೈರ್ ಕೀಳಿ, ವೈಫೈ ಆರಿಸಿ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ಪರದೆಯ ಫೋಟೋ ತೆಗೆಯಿರಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಫೋನ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ಏನೇನಾಯ್ತು ಅನ್ನೋ ದಾಖಲೆ) 180 ದಿನ ಇಡಬೇಕು. ಈ ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಕಂಪ್ಯೂಟರೊಳಗೆ ಸೇವ್ ಮಾಡಿಟ್ಟದ್ದು ಅವತ್ತು ತೆರೆಯಲ್ಲ.