ಲಡಾಖಿನ ಫೇ ಹಳ್ಳಿಯಲ್ಲಿ ಫೇಲಾದವರ ಶಾಲೆ

ಲೇಹ್ ಏರ್‌ಪೋರ್ಟ್ ದಾಟಿ, ಮಿಲಿಟರಿ ಕ್ಯಾಂಪುಗಳೂ ಮುಗಿದ ಮೇಲೆ ಬರೀ ಮರಳು, ಕಲ್ಲು. ಕೆಳಗೆ ಸಿಂಧೂ ನದಿ. ವರ್ಷವಿಡೀ ಇಲ್ಲಿ ಬೀಳುವುದು ಸುಮಾರು 100 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಬಿಡುವುದುಂಟು.

ಫೇ ಹಳ್ಳಿಗೆ ಬಂದದ್ದು ಸೆಕ್ಮೋಲ್, ಅಂದರೆ ‘ಸ್ಟೂಡೆಂಟ್ಸ್ ಎಜುಕೇಷನಲ್ ಅಂಡ್ ಕಲ್ಚರಲ್ ಮೂವ್ಮೆಂಟ್ ಆಫ್ ಲಡಾಖ್’ ನೋಡಲಿಕ್ಕೆ. 1988ರಲ್ಲಿ ಎಂಜಿನಿಯರ್ ಸೋನಮ್ ವಾಂಗ್ಚುಕ್ ಮತ್ತು ಕೆಲವು ಲಡಾಖಿ ಯುವಕರು ಶುರುಮಾಡಿದ ಸಂಸ್ಥೆ ಇದು. ಆಗ ಹತ್ತನೇ ತರಗತಿಯಲ್ಲಿ ನೂರಕ್ಕೆ 95 ಮಕ್ಕಳು ಫೇಲಾಗುತ್ತಿದ್ದರಂತೆ. ಆಗದೆ ಇನ್ನೇನು? ಮನೆಯಲ್ಲಿ ಲಡಾಖಿ, ಶಾಲೆಯಲ್ಲಿ ಉರ್ದು, ಒಂಬತ್ತಕ್ಕೆ ಬಂದ ಕೂಡಲೇ ಇಂಗ್ಲಿಷ್. ಪುಸ್ತಕದ ತುಂಬ ಹಡಗು, ತೆಂಗಿನಮರ. ಲೇಹ್ ಕಡೆ ಬೌದ್ಧರು ಜಾಸ್ತಿ, ಕಾರ್ಗಿಲ್ ಕಡೆ ಪುರ್ಗಿ, ಬಾಲ್ಟಿ ಮಾತಾಡುವ ಮುಸ್ಲಿಮರು, ಪೂರ್ವದ ಎತ್ತರದ ಬಯಲು ಚಾಂಗ್ಥಾಂಗ್‌ನಲ್ಲಿ ಪಶ್ಮೀನಾ ಆಡು ಮೇಯಿಸುತ್ತ ಅಲೆಯುವ ಚಾಂಗ್ಪಾಗಳು. ಇಷ್ಟೂ ಜನಕ್ಕೆ ಎಲ್ಲಿಂದಲೋ ಬಂದ ಒಂದೇ ಪಾಠ! ಸರ್ಕಾರಿ ಶಾಲೆಗಳನ್ನು ಸುಧಾರಿಸಲು ಶುರುವಾದ 1994ರ ‘ಆಪರೇಷನ್ ನ್ಯೂ ಹೋಪ್’ನಲ್ಲಿ ಹಳ್ಳಿ ಶಿಕ್ಷಣ ಸಮಿತಿಗಳು, ಲಡಾಖಿನದೇ ಉದಾಹರಣೆಗಳಿರುವ ಪುಸ್ತಕಗಳು ಬಂದವು.

ಫೇ ಕ್ಯಾಂಪಸ್ ಬೆಳೆದದ್ದು ಹಾಗೆ ಫೇಲಾದ ಮಕ್ಕಳಿಗಾಗಿ. ಸುತ್ತಾಡಿಸಿ ತೋರಿಸುವವರೂ ಮಕ್ಕಳೇ. ನಮ್ಮ ಜೊತೆ ಬಂದ ಹುಡುಗಿ ಮಣ್ಣಿನ ದಪ್ಪ ಗೋಡೆಗೆ ಅಂಗೈ ಒತ್ತಿ ‘ಮುಟ್ಟಿ ನೋಡಿ’ ಎಂದಳು. ಬೆಚ್ಚಗಿತ್ತು. ಕಿಟಕಿಗಳೆಲ್ಲ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ಕೆಳಗಿರುತ್ತಾನೆ, ಬಿಸಿಲು ಕೋಣೆಯ ಒಳತನಕ ಬರುತ್ತದೆ. ಗೋಡೆ ಅದನ್ನು ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದರಿಂದ ಬಿಸಿಲು ಒಳಗೆ ಇಣುಕುವುದಿಲ್ಲ. ಹೊರಗೆ ಮೈನಸ್ 20 ಡಿಗ್ರಿ ಇದ್ದರೂ ಒಲೆ ಉರಿಸಬೇಕಿಲ್ಲ ಎಂದು ಅವಳು ಕೈಯನ್ನೇ ಸೂರ್ಯ ಮಾಡಿಕೊಂಡು ವಿವರಿಸಿದಳು. ನಮ್ಮಲ್ಲಿ ‘ಸುಸ್ಥಿರ ಅಭಿವೃದ್ಧಿ’ ಅಂದರೆ ಐದು ಅಂಕದ ಪ್ರಶ್ನೆ, ಅಲ್ವಾ? ಇವಳಿಗೆ ಅದು ಮಲಗುವ ಕೋಣೆ.

ಶೌಚಾಲಯ ಲಡಾಖಿನ ಹಳೇ ಪದ್ಧತಿಯದು. ನೀರಿಲ್ಲ. ಮಹಡಿಯಲ್ಲಿ ನೆಲಕ್ಕೊಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಸಲಿಕೆ. ಕೆಳಗೆ ಬಿದ್ದದ್ದು ಗೊಬ್ಬರವಾಗಿ ಗಿಡಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ವಾಸನೆಯೇ ಇರಲಿಲ್ಲ. ಅತ್ತ ಲೇಹ್‌ನಲ್ಲಿ ಪ್ರವಾಸಿಗಳಿಗಾಗಿ ಹೋಟೆಲುಗಳು ಬೋರ್‌ವೆಲ್ ಕೊರೆದು ಫ್ಲಶ್ ಕೂರಿಸುತ್ತಿವೆ. ನಮ್ಮಂಥವರ ದೆಸೆಯಿಂದಲೇ.

ಸಂಜೆ, ನೋಡಲು ಬಂದವರ ಜೊತೆ ಮಕ್ಕಳು ಇಂಗ್ಲಿಷ್ ಮಾತಾಡುವ ಹೊತ್ತು. ಬೆಂಗಳೂರಿಗೆ ನೀರು ಎಲ್ಲಿಂದ ಎಂದು ಒಬ್ಬ ಕೇಳಿದ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಪಂಪು ಹಾಕಿ ಮೇಲಕ್ಕೆತ್ತಿ, ಎಂದೆ.

‘ಟಾಯ್ಲೆಟ್ಟಿಗೂ ಅದೇ ನೀರಾ?’

ಹೌದು ಎಂದೆ. ಅಷ್ಟು ಎತ್ತಲು ಎಷ್ಟು ಕರೆಂಟು ಬೇಕು ಎಂದು ಲೆಕ್ಕ ಹಾಕಲು ಇಬ್ಬರು ಆಗಲೇ ನೋಟ್‌ಬುಕ್ ತೆಗೆದಿದ್ದರು.