ಗಿದ್ಯೋನ ಹೆದರಿದ್ದನ್ನೂ ಮಕ್ಕಳಿಗೆ ಹೇಳಿ

ಮಕ್ಕಳಿಗೆ ಧೈರ್ಯ ಕಲಿಸಬೇಕು ಅಂದ ತಕ್ಷಣ ನಾವೆಲ್ಲ ಕೈ ಹಾಕುವುದು ಬೈಬಲಿನ ದಾವೀದನ ಕಥೆಗೇ. ಒಳ್ಳೆಯ ಕಥೆ, ಅನುಮಾನವಿಲ್ಲ. ದಾವೀದ ಕವಣೆಕಲ್ಲಿನಿಂದ ಬೀಳಿಸಿದ ದೈತ್ಯ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಸುಮಾರು ಒಂಬತ್ತೂವರೆ ಅಡಿ. ಸಂಡೇ ಸ್ಕೂಲಿನಲ್ಲಿ ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟುದ್ದದ ಗೆರೆ ಎಳೆದು, ಪಕ್ಕದಲ್ಲಿ ಮಕ್ಕಳನ್ನು ಮಲಗಿಸುತ್ತೇನೆ. ಒಬ್ಬರ ಪಾದಕ್ಕೆ ಇನ್ನೊಬ್ಬರ ತಲೆ ತಾಗುವ ಹಾಗೆ ಮೂರು ಪುಟಾಣಿಗಳು ಮಲಗಿದರೆ ಒಬ್ಬ ಗೊಲ್ಯಾತ!

ಆದರೆ ನಾವು ಅದನ್ನು ಹೇಳುವ ರೀತಿ ಇದೆಯಲ್ಲ, ಅದರ ಬಗ್ಗೆ ನನ್ನದೊಂದು ತಕರಾರಿದೆ. ಹುಡುಗ ಬಂದ, ಕವಣೆ ಬೀಸಿದ, ದೈತ್ಯ ಬಿದ್ದ, ಚಪ್ಪಾಳೆ. ದಾವೀದ ಹೆದರಲಿಲ್ಲ, ನೀನೂ ಹೆದರಬೇಡ ಅಂತ ಮುಗಿಸಿಬಿಡುತ್ತೇವೆ. ಕತ್ತಲೆ ಕೋಣೆಗೆ ಒಂದು ಹೆಜ್ಜೆ ಇಡಲಾಗದ ನಾಲ್ಕು ವರ್ಷದ ಮಗುವಿಗೆ ಇದರಿಂದ ಏನು ಸಿಕ್ಕಿತು? ನನಗೆ ಹೆದರಿಕೆ ಆಗುತ್ತೆ, ಹಾಗಾದ್ರೆ ನಾನು ದಾವೀದನ ಥರ ಅಲ್ಲ ಅನ್ನುವ ಲೆಕ್ಕ, ಅಷ್ಟೇ.

ಅದಕ್ಕೇ ನಾನು ಗಿದ್ಯೋನನ ಕಥೆಯನ್ನು ಜಾಸ್ತಿ ಹೇಳುತ್ತೇನೆ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 6 ಮತ್ತು 7ನೇ ಅಧ್ಯಾಯ. ತನ್ನ ಜನರ ಬೆಳೆ ದೋಚುತ್ತಿದ್ದ ಶತ್ರುಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದು ಅಂತ ಅವನು ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದಾನೆ. ದೇವದೂತ ಬಂದು ಅಂಥವನನ್ನು ಪರಾಕ್ರಮಶಾಲಿ ಅಂತ ಕರೆಯುತ್ತಾನೆ! ಮಕ್ಕಳು ಇಲ್ಲಿ ನಗುತ್ತಾರೆ, ನಗಲಿ ಬಿಡಿ. ಊರವರು ಪೂಜಿಸುತ್ತಿದ್ದ ಬಾಳ ಅನ್ನುವ ದೇವತೆಯ ಬಲಿಪೀಠ ಕೆಡವು ಅಂತ ದೇವರು ಅಂದರೆ ಮನೆಯವರಿಗೂ ಊರವರಿಗೂ ಹೆದರಿ, ಹಗಲು ಬಿಟ್ಟು ರಾತ್ರಿ ಹೋಗಿ ಕೆಡವುತ್ತಾನೆ. ಆಮೇಲೆ ಕಣದಲ್ಲಿ ಉಣ್ಣೆ ಇಟ್ಟು, ಇವತ್ತು ಇಬ್ಬನಿಗೆ ಉಣ್ಣೆ ಮಾತ್ರ ಒದ್ದೆಯಾಗಲಿ, ನಾಳೆ ನೆಲ ಮಾತ್ರ ಒದ್ದೆಯಾಗಲಿ ಅಂತ ದೇವರನ್ನೇ ಎರಡು ಸಲ ಪರೀಕ್ಷೆ ಮಾಡುತ್ತಾನೆ. ಅಷ್ಟಾದರೂ ದೇವರು ಬೈಯುವುದಿಲ್ಲ.

ನನಗೆ ತುಂಬಾ ಇಷ್ಟವಾದ ಮಾತು ಬರುವುದು ಮಿದ್ಯಾನ್ಯರ ಮೇಲೆ ಬೀಳುವ ರಾತ್ರಿ. ಶತ್ರುಗಳ ಪಾಳೆಯಕ್ಕೆ ಇಳಿದು ಹೋಗಲು ನಿನಗೆ ಹೆದರಿಕೆಯಾದರೆ ನಿನ್ನ ಸೇವಕ ಪುರಾನನ್ನೂ ಕರೆದುಕೊಂಡು ಹೋಗು ಅನ್ನುತ್ತಾರೆ ದೇವರು. ಇದನ್ನು ಹೇಳಿದಾಗ ಒಬ್ಬಳು ಪುಟ್ಟಿ ಬೆರಳು ಕಚ್ಚುತ್ತಾ ಕೇಳಿದಳು, "ಹಾಗಾದ್ರೆ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋದ್ರೂ ಅದು ಧೈರ್ಯಾನೇ ಅಲ್ವಾ ಆಂಟಿ?" ಹೌದು ಕಣಮ್ಮ, ಧೈರ್ಯಾನೇ ಅಂದೆ. ಗಿದ್ಯೋನ ಏನು ಮಾಡಿದ ಗೊತ್ತಾ? ಸುಮ್ನೆ ಪುರಾನನ್ನು ಕರೆದುಕೊಂಡೇ ಹೋದ.

ಇನ್ನೊಂದು ಕಥೆ ಇದೆ, ಯಾಕೋ ಯಾರೂ ಹೇಳುವುದೇ ಇಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 23ನೇ ಅಧ್ಯಾಯ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ರೋಮನ್ನರ ಕೋಟೆಯಲ್ಲಿ ಸೆರೆಯಲ್ಲಿದ್ದಾನೆ. ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂತ ನಲವತ್ತಕ್ಕೂ ಹೆಚ್ಚು ಜನ ಆಣೆ ಇಟ್ಟುಕೊಂಡಿದ್ದಾರೆ. ಪೌಲನ ಅಕ್ಕನೋ ತಂಗಿಯೋ, ಅವಳ ಮಗನ ಕಿವಿಗೆ ಈ ಸಂಚು ಬೀಳುತ್ತದೆ. ಅವನ ಹೆಸರು ಕೂಡ ಬರೆದಿಲ್ಲ. ಕೋಟೆಗೆ ಹೋಗಿ ಮಾವನಿಗೆ ಹೇಳುತ್ತಾನೆ, ಆಮೇಲೆ ರೋಮನ್ ಸಹಸ್ರಾಧಿಪತಿಯ ಎದುರೇ ನಿಂತು ಹೇಳುತ್ತಾನೆ. ಆ ಅಧಿಕಾರಿ ಹುಡುಗನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಏನಪ್ಪಾ ವಿಷಯ ಅಂತ ಕೇಳುತ್ತಾನೆ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ಪೌಲ ಅಲ್ಲಿಂದ ಹೊರಡುತ್ತಾನೆ. ಹುಡುಗ ಒಂದು ಕಲ್ಲನ್ನೂ ಎಸೆದಿಲ್ಲ ನೋಡಿ, ಹೋಗಿ ಹೇಳಿದ್ದಷ್ಟೇ.

ಶಾಲೆಯಲ್ಲಿ ಯಾರೋ ದಿನಾ ಕಾಡಿಸುತ್ತಾರೆ ಅಂತ ಅಳುವ ಮಗುವಿಗೆ ನಾನಂತೂ ದಾವೀದನ ಕಥೆ ಹೇಳುವುದಿಲ್ಲ. ಹೇಳಿದರೆ ಅದು ಕಲ್ಲು ಹುಡುಕುತ್ತದೆ! ಈ ಹುಡುಗನ ಕಥೆ ಹೇಳುತ್ತೇನೆ. ದೊಡ್ಡವರ ಹತ್ತಿರ ಹೇಳುವುದು ಚಾಡಿಯಲ್ಲ ಅಂತ ಅದಕ್ಕೆ ತಾನಾಗಿಯೇ ತಿಳಿಯುತ್ತದೆ. ಆದರೆ ಒಂದು ಮಾತು, ಹೇಳಿಕೊಂಡು ಬಂದಾಗ ನಾವೂ ಆ ಅಧಿಕಾರಿಯ ಹಾಗೆ ಕೈ ಹಿಡಿದು ಕೇಳಿಸಿಕೊಳ್ಳಬೇಕು. ಆಮೇಲೆ ನೋಡೋಣ ಅಂತ ಫೋನ್ ಒತ್ತುತ್ತಾ ಕೂತರೆ ಯಾವ ಕಥೆ ಹೇಳಿ ಏನು ಪ್ರಯೋಜನ?

ಪ್ರಾರ್ಥನೆ ಮಾಡಿದರೆ ಏನೂ ಆಗಲ್ಲ ಅಂತಲೂ ಮಾತು ಕೊಡಬೇಡಿ. ಶದ್ರಕ್, ಮೇಶಕ್, ಅಬೇದ್‌ನೆಗೋ ಅನ್ನುವ ಮೂವರು, ತಾನು ನಿಲ್ಲಿಸಿದ ಬೊಂಬೆಗೆ ಅಡ್ಡಬೀಳದಿದ್ದರೆ ಬೆಂಕಿಗೆ ಹಾಕಿಸುತ್ತೇನೆ ಅಂದ ರಾಜನಿಗೆ ಬೆಂಕಿಯ ಎದುರು ನಿಂತು ಹೇಳಿದ್ದು, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೇ ಹೋದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಅಂತ. ಆ ಎರಡನೆಯ ಅರ್ಧವನ್ನು ನಾವು ನುಂಗಿಬಿಡುತ್ತೇವೆ. ಇಂಜೆಕ್ಷನ್‌ಗೆ ಹೊರಟ ಮಗು ಪ್ರಾರ್ಥನೆ ಮಾಡಿದರೂ ಸೂಜಿ ಚುಚ್ಚಿದರೆ ನೋವಾಗಿಯೇ ಆಗುತ್ತದೆ. ನೋಯುತ್ತೆ ಕಂದ, ನಾನು ಪಕ್ಕದಲ್ಲೇ ಇರ್ತೀನಿ ಅಂದರೆ ಮುಂದಿನ ಸಲವೂ ನಮ್ಮ ಮಾತು ನಂಬುತ್ತದೆ.

ತೀರಾ ಚಿಕ್ಕವರಿಗೆ ಗೊಲ್ಯಾತನ ತಲೆ ಕತ್ತರಿಸಿದ್ದು, ದಾನಿಯೇಲನ ಮೇಲೆ ದೂರು ಹೇಳಿ ಅವನನ್ನು ಸಿಂಹಗಳ ಗವಿಗೆ ಹಾಕಿಸಿದವರನ್ನು ಹೆಂಡತಿ ಮಕ್ಕಳ ಸಮೇತ ಸಿಂಹಗಳಿಗೆ ಹಾಕಿದ್ದು, ಇವೆಲ್ಲ ಬೇಡ. ಅದೂ ಮಲಗುವ ಹೊತ್ತಿನಲ್ಲಿ ಬೇಡವೇ ಬೇಡ. ಓದಲು ಬಂದ ಮೇಲೆ ಅವರೇ ಓದಿ, ಇದೇನಿದು ಅಂತ ಕೇಳಿಕೊಂಡು ಬರುತ್ತಾರೆ. ಆಗ ಕೂತು ಮಾತಾಡಿದರಾಯಿತು.